ಏಳನೇ ತಾಕು

ಕಾಡಿಗೆ ಬೆಂಕಿ ಬಿದ್ದಾಗ ಎಲ್ಲರಿಗಿಂತ ಮೊದಲು ಓಡುವವನು ಅವನು. ಬೆಂಕಿಯ ಕಡೆಗಲ್ಲ, ಇತ್ತ ಕಡೆಗೆ. ಅದಕ್ಕೇ ಕೇರಿಯವರೆಲ್ಲ ಅವನನ್ನು ಪುಕ್ಕಲ ಅನ್ನುತ್ತಿದ್ದರು. ಅವನಿಗೆ ಬೇಸರವಿರಲಿಲ್ಲ. "ಧೈರ್ಯವಂತರ ಫೋಟೋ ಗೋಡೆ ಮೇಲಿರುತ್ತೆ, ಪುಕ್ಕಲನ ತಟ್ಟೆ ನೆಲದ ಮೇಲಿರುತ್ತೆ. ನನಗೆ ತಟ್ಟೆಯೇ ಸಾಕಪ್ಪ," ಅಂತ ತಾನೇ ಹೇಳಿಕೊಂಡು ನಗುತ್ತಿದ್ದ.

ಕಾಡಿನ ಕಚೇರಿಯಲ್ಲಿ ಹದಿನೈದು ವರ್ಷದಿಂದ ದಿನಗೂಲಿ. ಚಳಿಗಾಲದಲ್ಲಿ ಬೆಂಕಿರೇಖೆ ಕೆರೆಯುವ ಕೆಲಸ. ಗುಡ್ಡದ ಬೆನ್ನಿನುದ್ದಕ್ಕೂ ಹತ್ತಡಿ ಅಗಲಕ್ಕೆ ಹುಲ್ಲು, ತರಗೆಲೆ, ಬೇರು ಎಲ್ಲ ಕೆರೆದು ಬರೀ ಮಣ್ಣು ಕಾಣುವಂತೆ ಮಾಡಬೇಕು. ಸಂಜೆಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಹಸಿ ಸೊಪ್ಪಿನ ಗೊಂಚಲು ಹಿಡಿದು ಬೆಂಕಿ ಬಡಿಯುವ ಕೆಲಸ. ಹುಬ್ಬು ಎಷ್ಟು ಸಲ ಸುಟ್ಟಿತ್ತೆಂದರೆ ಕೊನೆಗೆ ಬೆಳೆಯುವುದನ್ನೇ ಬಿಟ್ಟಿತ್ತು. ಹುಬ್ಬಿಲ್ಲದ ಆ ಮುಖ ನೋಡಿದರೆ ಸದಾ ಏನೋ ಪ್ರಶ್ನೆ ಕೇಳುತ್ತಿರುವಂತೆ ಕಾಣುತ್ತಿತ್ತು. ಅಸಲಿಗೆ ಅವನು ಯಾರಿಗೂ ಏನನ್ನೂ ಕೇಳಿದವನಲ್ಲ. ಗುಡ್ಡದ ಮೇಲಿದ್ದ ಕೇರಿಯವರ ಗುಡಿಸಲುಗಳನ್ನು ಕಿತ್ತು ರಸ್ತೆ ಬದಿಯ ತಗಡಿನ ಮನೆಗಳಿಗೆ ತಂದು ಹಾಕಿದಾಗಲೂ ಅವನು ಕೇಳಲಿಲ್ಲ. ತಗಡು ಇಳಿಸಲು ಕೈಜೋಡಿಸಿದ.

ಐದು ವರ್ಷದ ಹಿಂದೆ ಹೊಸ ಕೆಲಸ ಬಂತು. ಮರಗಳನ್ನು ಅಪ್ಪಿಕೊಳ್ಳುವ ಕೆಲಸ.

ಕಾಡಿನಲ್ಲಿ ಹದಿನಾಲ್ಕು ಕಡೆ ದುಂಡಗೆ ಗೆರೆ ಎಳೆದು, ಒಂದೊಂದಕ್ಕೂ ನಂಬರು ಕೊಟ್ಟು, ಅದಕ್ಕೆ ತಾಕು ಅಂತ ಹೆಸರಿಟ್ಟರು. ಒಳಗಿನ ಪ್ರತಿ ಮರಕ್ಕೂ ನಂಬರಿನ ತಗಡುಬಿಲ್ಲೆ. ವರ್ಷಕ್ಕೊಮ್ಮೆ ಎದೆಮಟ್ಟಕ್ಕೆ ಟೇಪು ಸುತ್ತಿ ಮರ ಎಷ್ಟು ದಪ್ಪಗಾಗಿದೆ ನೋಡಬೇಕು. ಪುಕ್ಕಲ ಏಳನೇ ಕ್ಲಾಸು ಓದಿದ್ದ. ಅಂಕಿ ಗೊತ್ತಿತ್ತು. ಟೇಪು ಅವನ ಕೈಗೆ ಬಂತು.

ಅಳತೆಯ ಕೆಲಸಕ್ಕೆ ಬಂದಿದ್ದ ಮೇಡಮ್ಮು ಚಿಕ್ಕ ವಯಸ್ಸಿನವರು, ಗುಡ್ಡ ಹತ್ತುವಾಗ ಏದುಸಿರು ಬಿಡುವವರು. ಒಂದು ದಿನ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ ಅವರೇ ಬಿಡಿಸಿ ಹೇಳಿದರು. "ಮರ ಗಾಳೀಲಿರೋ ಇಂಗಾಲ, ಕಾರ್ಬನ್ ಅಂತಾರಲ್ಲ, ಅದನ್ನ ಎಳ್ಕೊಂಡು ಮೈಯಲ್ಲಿ ಇಟ್ಕೊಳ್ಳುತ್ತೆ. ದೂರದ ದೊಡ್ಡ ಕಾರ್ಖಾನೆಗಳು ಬಿಡೋ ಹೊಗೆಯನ್ನ ನಮ್ಮ ಕಾಡು ಇಷ್ಟು ಹೀರಿಕೊಳ್ತು ಅಂತ ತೋರಿಸಿದರೆ, ಆ ಕಾರ್ಖಾನೆಯವರು ದುಡ್ಡು ಕೊಟ್ಟು ಈ ಯೋಜನೆ ನಡೆಸ್ತಾರೆ."

"ಅಂದ್ರೆ ಅವರು ಹೊಗೆ ಬಿಡ್ತಾರೆ, ನಮ್ಮ ಮರ ಕುಡಿಯುತ್ತೆ."

"ಹಾಗೇ ಅಂದ್ಕೋ."

"ನಮ್ಮ ಅಕ್ಕನ ಒಲೆ ಹೊಗೆ?"

ಮೇಡಮ್ಮು ರೊಟ್ಟಿ ಮುರಿದರು. ಆ ಒಲೆಯ ಹೊಗೆಯಿಂದ ಕಾಡು ಹಾಳಾಗುತ್ತಿದೆ ಅಂತಲೇ ಕೇರಿಯನ್ನು ಕೆಳಗಿಳಿಸಿದ್ದು. ಪುಕ್ಕಲನಿಗೆ ಅದರಲ್ಲೂ ನಗು ಬಂತು. ಊರಿಗೆಲ್ಲ ಹೊಗೆ ಹಾಕುವವನಿಗೆ ಕಾಡು, ಮೂರು ಕಲ್ಲಿನ ಒಲೆ ಹೂಡಿದವಳಿಗೆ ತಗಡು. ಲೆಕ್ಕ ಕಲಿತವರ ಲೆಕ್ಕ, ತನಗೇನು ತಿಳಿಯುತ್ತೆ ಅಂದುಕೊಂಡು ಟೇಪು ಮಡಚಿದ. ಹಾಗೆ ನೋಡಿದರೆ ಕೆಲಸ ಅವನಿಗೆ ಹಿಡಿಸಿತ್ತು. ಮರ ಹಿಡಿದರೆ ಬಯ್ಯುವುದಿಲ್ಲ. ವರ್ಷಕ್ಕೆ ಒಂದು ಬೆರಳು ದಪ್ಪಗಾಗಿದ್ದರೆ ತನ್ನ ಮಗು ತೂಕ ಹಾಕಿಕೊಂಡಂತೆ ಬೀಗುತ್ತಿದ್ದ.

ಅಕ್ಕನೆಂದರೆ ಅವನ ಒಡಹುಟ್ಟಿದ ಅಕ್ಕ. ತಾಯಿ ಸತ್ತ ಮೇಲೆ ಅವನ ಮೂಗು ಒರೆಸಿದವಳು. ಬಿದ್ದ ಒಣಕೊಂಬೆ ಆರಿಸಿ, ಹೊರೆ ಕಟ್ಟಿ, ಮೂರು ಮೈಲಿ ನಡೆದು ಚಹಾ ಅಂಗಡಿಗಳಿಗೆ ಹಾಕುತ್ತಿದ್ದಳು. ಹೊರೆ ಹೊತ್ತು ಹೊತ್ತು ಅವಳ ನೆತ್ತಿಯ ನಡುವೆ ಕೂದಲು ಸವೆದು ರೊಟ್ಟಿಯಗಲ ಬೋಳಾಗಿತ್ತು. ಗಂಡನೂ ಬೆಂಕಿ ಬಡಿಯುವ ತಂಡದವನು. ಪುಕ್ಕಲನಿಗೆ ಭಾವ. ಎತ್ತಿನಂಥ ಆಳು. ತಂಡದಲ್ಲಿ ಕೊನೆಗೆ ಹಿಂದಿರುಗುವವನು ಯಾವಾಗಲೂ ಅವನೇ. "ಒಬ್ಬ ಮೊದಲು ಓಡ್ತಾನೆ, ಒಬ್ಬ ಕೊನೆಗೆ ಬರ್ತಾನೆ. ನಮ್ಮ ಮನೇಲಿ ಸರಾಸರಿ ಸರಿಯಾಗಿದೆ," ಅನ್ನುತ್ತಿದ್ದಳು ಅಕ್ಕ.

ಹೋದ ಬೇಸಿಗೆ ಮಳೆ ಏಳು ತಿಂಗಳು ಮುಖ ತೋರಿಸಿರಲಿಲ್ಲ. ತರಗೆಲೆ ಮೊಣಕಾಲುದ್ದ ಬಿದ್ದಿತ್ತು. ಹಿಂದೆ ಗುಡ್ಡದ ಮೇಲಿದ್ದಾಗ ಚಳಿ ಮುಗಿಯುವ ಮೊದಲೇ ಕೇರಿಯವರು ಅಲ್ಲಲ್ಲಿ ಸಣ್ಣ ಬೆಂಕಿ ಹಾಕಿ ತರಗೆಲೆ ಸುಟ್ಟುಬಿಡುತ್ತಿದ್ದರು. ಆ ಬೆಂಕಿ ಪಾದದೆತ್ತರ ಬಂದು, ಹುಲ್ಲು ತಿಂದು, ಮಧ್ಯಾಹ್ನಕ್ಕೆ ತಣ್ಣಗಾಗುತ್ತಿತ್ತು. ಯೋಜನೆ ಬಂದ ಮೇಲೆ ಅದೂ ಅಪರಾಧವಾಯಿತು. ಕಡ್ಡಿ ಗೀರಿದವನಿಗೆ ಜೈಲು. ಹಾಗಾಗಿ ಐದು ವರ್ಷದ ಎಲೆ ಕಾಡಿನ ನೆಲದ ಮೇಲೆ ಕೂತು ಕಾಯುತ್ತಿತ್ತು.

ಒಂದು ಮಧ್ಯಾಹ್ನ ಮೋಡ ಬಂತು. ಗುಡುಗಿತು. ಹನಿ ಬೀಳಲಿಲ್ಲ, ಸಿಡಿಲು ಬಿತ್ತು.

ಹದಿನಾರು ಜನ ಹೋದರು. ಪುಕ್ಕಲನ ಜೀವಮಾನದಲ್ಲಿ ಅಂಥ ಬೆಂಕಿ ಇರಲಿಲ್ಲ. ನೆಲದಲ್ಲಿ ಹರಿಯುವ ಬೆಂಕಿ ಅವನಿಗೆ ಗೊತ್ತಿತ್ತು. ಇದು ಮರ ಹತ್ತುತ್ತಿತ್ತು. ತುದಿಯಿಂದ ತುದಿಗೆ ಜಿಗಿಯುತ್ತಿತ್ತು. ಸೊಪ್ಪಿನ ಗೊಂಚಲು ಎತ್ತುವ ಮೊದಲೇ ಕೈಯಲ್ಲಿ ಬಾಡಿ ಸುರುಟಿತು. ಗಾಳಿ ತಿರುಗಿದ್ದೇ ತಡ, ಪುಕ್ಕಲ ಗೊಂಚಲು ಬಿಸಾಡಿ, "ಓಡ್ರೋ!" ಅಂತ ಕಿರುಚಿ ಓಡಿದ. ಅವನು ಓಡಿದ್ದನ್ನು ನೋಡಿ ಹದಿನಾಲ್ಕು ಜನ ಓಡಿದರು.

ಭಾವ ಓಡಲಿಲ್ಲ. ಅವನ ಸೊಂಟದಲ್ಲಿ ಕಚೇರಿಯ ಮಾತಾಡುವ ಡಬ್ಬ ಇತ್ತು. ಅದರಲ್ಲಿ ಸಾಹೇಬರ ದನಿ ಬಂತು. ಅವನನ್ನು ದಾಟಿ ಓಡುತ್ತಿದ್ದ ಪುಕ್ಕಲ ಕಿವಿಯಾರೆ ಕೇಳಿದ. "ಏಳನೇ ತಾಕು ಉಳಿಸಿ! ಮುಂದಿನ ತಿಂಗಳು ಅದನ್ನೇ ನೋಡೋಕೆ ಹೊರಗಿನವರು ಬರ್ತಾರೆ. ಏನಾದರಾಗಲಿ ಏಳನೇದು ಉಳೀಬೇಕು!"

ಭಾವ ಏಳನೇ ತಾಕಿಗೆ ತಿರುಗಿದ. ಸುತ್ತ ಕೆರೆಯತೊಡಗಿದ.

ಮರುದಿನ ಅವನನ್ನು ಕಂಬಳಿಯಲ್ಲಿ ಇಳಿಸಿದರು. ನಾಲ್ಕು ಜನ ಹೊತ್ತಿದ್ದರು. ಇಬ್ಬರು ಸಾಕಾಗಿತ್ತು. ಎತ್ತಿನಂಥ ಆಳು ಅಷ್ಟು ಹಗುರವಾಗಿದ್ದ.

ಅಕ್ಕ ಅಳಲಿಲ್ಲ. ಕಂಬಳಿ ತೆಗೆದು ನೋಡಬೇಡ ಅಂದರೂ ತೆಗೆದು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, "ನೀನು ಓಡಿದ್ದು ಒಳ್ಳೇದಾಯ್ತು," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ನಿಜವಾಗಿಯೇ ಹಾಗೆ ಅಂದಿದ್ದಳು.

ವಾರ ಕಳೆಯಿತು. ಸಾಹೇಬರು ಪುಕ್ಕಲನನ್ನು ಕಚೇರಿಗೆ ಕರೆಸಿದರು. ಎಂದೂ ಇಲ್ಲದ್ದು ಕುರ್ಚಿ ತೋರಿಸಿದರು. ಅವನು ಕುರ್ಚಿಯ ತುದಿಯಲ್ಲಿ, ಬಿದ್ದುಹೋಗದಷ್ಟು, ಕೂತ.

"ನೋಡಪ್ಪ, ಹದಿನಾಲ್ಕರಲ್ಲಿ ಒಂಬತ್ತು ತಾಕು ಹೋಗಿದೆ," ಅಂದರು. "ಹೀಗೇ ತೋರಿಸಿದರೆ ಯೋಜನೆ ಮುಗೀತು. ಹಳ್ಳದ ಆಚೆ ಪಕ್ಕ ಬೆಂಕಿ ಹೋಗಿಲ್ಲ. ಸುಟ್ಟ ಮರದ ಬಿಲ್ಲೆ ಕಿತ್ತು, ಅಷ್ಟೇ ದಪ್ಪದ ಹಸಿರು ಮರ ನೋಡಿ ಅಲ್ಲಿ ಹೊಡಿ. ನಿನ್ನ ಕಣ್ಣಳತೆ ಟೇಪಿಗಿಂತ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ."

ಇದೇ ನೋಡಿ ಪುಕ್ಕಲನ ದೌರ್ಬಲ್ಯ. ಹದಿನೈದು ವರ್ಷದಲ್ಲಿ ಸಿಕ್ಕ ಮೊದಲ ಹೊಗಳಿಕೆ. ನಾಯಿಗೆ ತಲೆ ಸವರಿದರೆ ಬಾಲ ಅಲ್ಲಾಡಿಸುತ್ತೆ. ಬಾಲವಿಲ್ಲದ್ದಕ್ಕೆ ಅವನು ತಲೆ ಅಲ್ಲಾಡಿಸಿದ.

ನಾಲ್ಕು ದಿನದ ಕೆಲಸ. ಒಬ್ಬನೇ. ಒಂದು ಚೀಲ, ಒಂದು ಸುತ್ತಿಗೆ, ಹಿಡಿ ಮೊಳೆ. ಸುಟ್ಟ ಇಳಿಜಾರಿನಲ್ಲಿ ಪಾದ ಇಟ್ಟರೆ ಬೂದಿ ಮೊಣಕಾಲಿನವರೆಗೆ ಹಾರುತ್ತಿತ್ತು. ಚಪ್ಪಲಿ ಎರಡನೇ ದಿನಕ್ಕೇ ಕರಗಿತು. ನೆಲದೊಳಗೆ ಬೇರುಗಳು ಇನ್ನೂ ಉರಿಯುತ್ತಿದ್ದವು, ಮೇಲೆ ಏನೂ ಕಾಣುತ್ತಿರಲಿಲ್ಲ. ತಗಡುಬಿಲ್ಲೆಗಳು ಸುರುಟಿದ್ದವು. ಕಲ್ಲಿನ ಮೇಲಿಟ್ಟು ಬಡಿದು ಚಪ್ಪಟೆ ಮಾಡಿದ. ಮಸಿ ಒರೆಸಿ ನಂಬರು ಓದಿದ. ಹಳ್ಳದಾಚೆ ಹೋಗಿ ಹಸಿರು ಮರಕ್ಕೆ ಹೊಡೆದ. ಸುತ್ತಿಗೆ ಬಿದ್ದಾಗಲೆಲ್ಲ ಬೂದಿ ಕುಡಿದ ಗಂಟಲಿಂದ ಕೆಮ್ಮು ಬರುತ್ತಿತ್ತು. ಕೆಮ್ಮಿದರೆ ಕರಿಯದು. "ಇಂಗಾಲ," ಅಂದುಕೊಂಡ. "ಕಾಡು ಕುಡಿದದ್ದನ್ನೆಲ್ಲ ಕಕ್ಕಿತು. ಈಗ ನಾನು ಕಕ್ಕುತ್ತಿದ್ದೇನೆ. ನನಗೂ ಒಂದು ಬಿಲ್ಲೆ ಹೊಡೆದುಬಿಡಲಿ."

ಮೂರನೇ ದಿನ ಏಳನೇ ತಾಕು. ಅಲ್ಲಿ ಭಾವ ಕೆರೆದ ಗೆರೆ ಹಾಗೇ ಇತ್ತು. ಅರ್ಧ ಸುತ್ತು. ಎಷ್ಟು ಅಚ್ಚುಕಟ್ಟಾಗಿ ಕೆರೆದಿದ್ದ ಪುಣ್ಯಾತ್ಮ! ಬೆಂಕಿ ಅದರ ಮೇಲಿನಿಂದ ಹಾರಿಹೋಗಿತ್ತು. ಗೆರೆ ಮುಗಿದಲ್ಲಿ ಪುಕ್ಕಲ ನಿಂತ. ಆಮೇಲೆ ಬಿಲ್ಲೆ ಕಿತ್ತ. ಕೈ ನಿಲ್ಲಲಿಲ್ಲ. ಅದನ್ನು ನೆನೆದರೆ ಮುಂದೆ ಅವನಿಗೆ ಅನ್ನ ಇಳಿಯದ ದಿನಗಳು ಬಂದವು. ಆದರೆ ಆ ದಿನ ಕೈ ನಿಲ್ಲಲಿಲ್ಲ.

ನಾಲ್ಕನೇ ದಿನ ಸಂಜೆ ಚೀಲ ಒಪ್ಪಿಸಲು ಹೋದಾಗ ಸಾಹೇಬರು ಒಂದು ಕಾಗದ ಮುಂದಿಟ್ಟರು. "ಇಲ್ಲೊಂದು ಸಹಿ."

ಅವನು ಓದಿದ. ಓದು ಬರದವನಾಗಿದ್ದರೆ ಒಂದು ನೆಪವಾದರೂ ಇರುತ್ತಿತ್ತು. ಪೂರ್ತಿ ಓದಿದ. ಸೌದೆಗಾಗಿ ಅಪ್ಪಣೆಯಿಲ್ಲದೆ ಕಾಡು ಹೊಕ್ಕ ಗಂಡ ಹೆಂಡತಿ ಹಚ್ಚಿದ ಒಲೆಯಿಂದ ಬೆಂಕಿ ಹರಡಿತು, ಗಂಡ ಅದರಲ್ಲೇ ಸತ್ತ, ಅದನ್ನು ನಾನು ಬಲ್ಲೆ, ಅಂತ ಇತ್ತು.

"ಸಾಹೇಬ್ರೇ, ಸಿಡಿಲಲ್ಲವಾ..."

"ಸಿಡಿಲು, ಬಿಸಿಲು ಅಂತ ಬರೆದರೆ ಮುಂದಿನ ವರ್ಷವೂ ಬಿಸಿಲು ಇರುತ್ತೆ, ಮುಂದಿನ ವರ್ಷವೂ ಉರಿಯುತ್ತೆ ಅಂತಾರೆ. ಉರಿಯೋ ಕಾಡನ್ನ ಯಾರು ನಂಬ್ತಾರೆ? ಜನ ಹಚ್ಚಿದರು ಅಂದ್ರೆ ಜನರನ್ನ ತಡೆದರೆ ಆಯ್ತು. ಕಾಡೂ ಉಳೀತು, ನಿನ್ನ ಕೂಲಿಯೂ ಉಳೀತು."

"ಭಾವ ನಿಮ್ಮ ಮಾತು ಕೇಳಿ..."

"ಅವನ ಹೆಸರು ಆ ದಿನದ ಹಾಜರಿಯಲ್ಲಿ ಇಲ್ಲಪ್ಪ." ಸಾಹೇಬರ ದನಿ ಮೆತ್ತಗಿತ್ತು. "ಗಡಿಬಿಡೀಲಿ ಯಾರ ಹೆಸರೂ ಬರೆದಿಲ್ಲ. ಸತ್ತವನಿಗೆ ಇದರಿಂದ ಏನು ನಷ್ಟ?"

ಪುಕ್ಕಲ ಸಹಿ ಹಾಕಿದ. ಏಳನೇ ಕ್ಲಾಸಿನ ಮೇಷ್ಟ್ರು ಕಲಿಸಿದ ಹಾಗೆ, ಕೊನೆಯ ಅಕ್ಷರಕ್ಕೆ ಬಾಲ ಎಳೆದು, ಕೆಳಗೆ ಎರಡು ಚುಕ್ಕಿ ಇಟ್ಟು. ಆ ಸಂಜೆಯೂ ಅಕ್ಕನ ಮನೆಯಲ್ಲೇ ಉಂಡ. ಎರಡು ಸಲ ಬಡಿಸಿಕೊಂಡ.

ಐದು ದಿನಕ್ಕೆ ಅಕ್ಕನಿಗೆ ನೋಟೀಸು ಬಂತು. ವಿಚಾರಣೆಗೆ ಬರಬೇಕು, ಇನ್ನು ಮುಂದೆ ಕೇರಿಯವರು ಯಾರೂ ಕಾಡಿಗೆ ಕಾಲಿಡಕೂಡದು, ಅಂತ. ಜೊತೆಗೆ ಪುಕ್ಕಲ ಸಹಿ ಹಾಕಿದ್ದ ಕಾಗದದ ಪ್ರತಿ. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿದ್ದರು. ಪುಕ್ಕಲ ಬಂದಾಗ ಅವಳು ತಟ್ಟೆ ಇಟ್ಟಳು. ಬಡಿಸಿದಳು. ಎದುರಿಗೆ ಕೂತಳು. ಆ ಪ್ರತಿಯನ್ನು ತಟ್ಟೆಯ ಪಕ್ಕದಲ್ಲಿಟ್ಟು ಸಹಿಯ ಮೇಲೆ ಬೆರಳಿಟ್ಟು ತೋರಿಸಿದಳು.

"ಇದು ನಿನ್ನದಂತೆ."

ಅವನು ತುತ್ತು ಬಾಯಲ್ಲಿಟ್ಟುಕೊಂಡೇ ಕೂತ.

"ಚೆನ್ನಾಗಿದೆ ತಮ್ಮಾ. ಅಕ್ಷರ ದುಂಡಗಿದೆ. ನಿನ್ನ ಸ್ಕೂಲಿಗೆ ಕಳಿಸೋಕೆ ನಾನು ನನ್ನ ಸ್ಕೂಲು ಬಿಟ್ಟಿದ್ದೆ. ದಂಡ ಆಗಲಿಲ್ಲ."

"ಅಕ್ಕಾ..."

"ಉಣ್ಣು. ಅನ್ನದ ಮೇಲೆ ಯಾಕೆ ಸಿಟ್ಟು?"

ತಟ್ಟೆ ಬಿಟ್ಟು ಎದ್ದ. ಹೊರಗೆ ಬಂದು ಗೋಡೆ ಹಿಡಿದು ನಿಂತ. ಸಾಯೋಣ ಅನ್ನಿಸಿತು. ಅದಕ್ಕೂ ಧೈರ್ಯ ಬೇಕಲ್ಲ. ಹಾಗಾಗಿ ಮನೆಗೆ ಹೋಗಿ ಮುಸುಕು ಹಾಕಿ ಮಲಗಿದ.

ಕಾರ್ಖಾನೆಯವರ ಪರವಾಗಿ ಕಾಡಿನ ಲೆಕ್ಕ ನೋಡುವ ಹೊರಗಿನವರು ಮುಂದಿನ ವಾರ ಬಂದರು. ಇಬ್ಬರು. ಉದ್ದಕ್ಕಿದ್ದ ಗಂಡಸೊಬ್ಬರು, ಮಂಡಿನೋವಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಇನ್ನೊಬ್ಬರು ವಯಸ್ಸಾದ ಹೆಂಗಸು, ಕುತ್ತಿಗೆಗೆ ಪೆನ್ಸಿಲು ನೇತುಹಾಕಿಕೊಂಡಿದ್ದರು. ಅವರ ಭಾಷೆ ಬೇರೆ. ಮೇಡಮ್ಮು ನಡುವೆ ನಿಂತು ಮಾತು ತಿರುಗಿಸಿ ಹೇಳುವುದು. ಸಾಹೇಬರದು ಇಸ್ತ್ರಿ ಮಾಡಿದ ಅಂಗಿ. ಪುಕ್ಕಲನಿಗೂ ಒಂದು ಹೊಸ ಟೋಪಿ ಕೊಟ್ಟಿದ್ದರು. "ಕಾಡಿನ ಕಾವಲುಗಾರ" ಅಂತ ಬರೆದಿತ್ತು. ಎರಡು ಸೈಜು ದೊಡ್ಡದು. ಕಣ್ಣಿನ ಮೇಲೆ ಜಾರುತ್ತಿತ್ತು.

ಹೇಳಬೇಕಾದದ್ದನ್ನು ಸಾಹೇಬರು ಬೆಳಗಿನಿಂದ ಮೂರು ಸಲ ಹೇಳಿಸಿದ್ದರು. "ಐದು ವರ್ಷದಿಂದ ಈ ಮರಗಳನ್ನೇ ಅಳೀತಿದ್ದೀನಿ. ಪ್ರತಿ ವರ್ಷ ದಪ್ಪಗಾಗ್ತಿವೆ." ಎರಡೇ ವಾಕ್ಯ. ಗಿಳಿಗೂ ಬರುತ್ತೆ.

ಹಳ್ಳದಾಚೆ ಹೊಸ ಏಳನೇ ತಾಕು ತಂಪಾಗಿತ್ತು. ಪುಕ್ಕಲ ಟೇಪು ಸುತ್ತಿದ, ಅಂಕಿ ಕೂಗಿದ, ಹೆಂಗಸು ಬರೆದುಕೊಂಡರು. ಮೂರು ಮರ ಆಯಿತು. ನಾಲ್ಕನೇ ಮರದ ಹತ್ತಿರ ಆಕೆ ಕನ್ನಡಕ ಏರಿಸಿ ಮೊಳೆಯನ್ನು ನೋಡಿದರು. ಅದರ ಸುತ್ತ ಅಂಟು ಇನ್ನೂ ಹಸಿಯಾಗಿತ್ತು. ಬೆರಳಿಟ್ಟರೆ ಎಳೆಯಾಗಿ ಬಂತು. ಮೇಡಮ್ಮಿಗೆ ಏನೋ ಹೇಳಿದರು.

ಮೇಡಮ್ಮು ಪುಕ್ಕಲನ ಕಡೆ ತಿರುಗಿದರು. ಮುಖ ಬಿಳುಚಿತ್ತು. "ಈ ಮರವನ್ನ ಯಾವಾಗಿನಿಂದ ಅಳೀತಿದ್ದೀಯ ಅಂತ ಕೇಳ್ತಿದ್ದಾರೆ."

ಸಾಹೇಬರು ಗಂಟಲು ಸರಿಮಾಡಿಕೊಂಡರು.

ಪುಕ್ಕಲ ಬಾಯಿ ತೆಗೆದ. ಬಿಕ್ಕಳಿಕೆ ಬಂತು. ಮಾತಿಲ್ಲ, ಬರೀ ಬಿಕ್ಕಳಿಕೆ. ಒಂದು, ಎರಡು, ಮೂರು. ಉದ್ದನೆಯವರು ನೀರಿನ ಬಾಟಲಿ ಕೊಟ್ಟರು. ಕುಡಿದ. ಅರ್ಧ ಅಂಗಿಯ ಮೇಲೆ ಚೆಲ್ಲಿತು. ಟೋಪಿ ಕಣ್ಣು ಮುಚ್ಚಿತು. ಜಗತ್ತಿನಲ್ಲಿ ಸತ್ಯ ಹೇಳಲು ನಿಂತವರಲ್ಲಿ ಇಷ್ಟು ಕೆಟ್ಟದಾಗಿ ಕಂಡವನು ತಾನೊಬ್ಬನೇ ಇರಬೇಕು ಅನ್ನಿಸಿತು ಅವನಿಗೆ. ಸತ್ಯ ಹೇಳುತ್ತೇನೆ ಅಂತ ಅವನಿಗಿನ್ನೂ ಗೊತ್ತಿರಲಿಲ್ಲ ಬೇರೆ. ಟೋಪಿ ತೆಗೆದ.

"ಹನ್ನೆರಡು ದಿನದಿಂದ," ಅಂದ.

"ಅವನಿಗೆ ಹುಷಾರಿಲ್ಲ," ಅಂದರು ಸಾಹೇಬರು. "ಹೊಗೆ ಕುಡಿದು ತಲೆ..."

"ಇದು ಏಳಲ್ಲ. ಏಳು ಮೇಲಿದೆ. ಈ ಬಿಲ್ಲೆ ನಾನೇ ಹೊಡೆದದ್ದು. ಈ ಕೈಯಿಂದ. ಒಂಬತ್ತು ತಾಕಿನದ್ದೂ ನಾನೇ." ದನಿ ಒಡೆದು ಹೆಂಗಸಿನಂತೆ ಸಣ್ಣಗಾಗಿತ್ತು. ಆದರೆ ನಿಲ್ಲಲಿಲ್ಲ. "ಮೇಡಮ್, ಹೇಳಿ ಅವರಿಗೆ. ಪೂರ್ತಿ ಹೇಳಿ. ಬೆಂಕಿ ಸಿಡಿಲಿಂದ ಬಂತು. ಅಕ್ಕ ಹಚ್ಚಿಲ್ಲ. ಭಾವನನ್ನ ಇವರೇ ಕಳಿಸಿದ್ದು. ನಾನು ಸುಳ್ಳು ಸಹಿ ಹಾಕಿದ್ದೀನಿ. ಅದನ್ನೂ ಹೇಳಿ. ಬಿಡಬೇಡಿ."

ಮೇಡಮ್ಮು ಸಾಹೇಬರನ್ನು ನೋಡಿದರು. ಪುಕ್ಕಲನನ್ನು ನೋಡಿದರು. ಅವರ ಕೆಲಸವೂ ಅದೇ ಕೊಂಬೆಯ ಮೇಲೆ ಕೂತಿತ್ತು. ಕಣ್ಣು ಮುಚ್ಚಿಕೊಂಡು ಹೇಳಲು ಶುರು ಮಾಡಿದರು. ಎಷ್ಟು ಹೇಳಿದರೋ ಅವನಿಗೆ ತಿಳಿಯಲಿಲ್ಲ. ಉದ್ದನೆಯವರು ತಲೆಯ ಟೋಪಿ ತೆಗೆದಾಗ, ಭಾವನ ವಿಷಯ ತಲುಪಿತು ಅಂದುಕೊಂಡ.

"ಮೇಲೆ ಹೋಗೋಣ," ಅಂದರಂತೆ ಆಕೆ.

ಮಂಡಿನೋವಿನವರು ಎರಡು ಕಡೆ ಕೂತು ಎದ್ದು ಹತ್ತಿದರು. ಸಾಹೇಬರು ಅರ್ಧ ದಾರಿಯಿಂದ ಫೋನು ಹಿಡಿದು ಹಿಂದಿರುಗಿದರು. ಮೇಲೆ ಕರಿ ಕಂಬಗಳಂತೆ ಮರಗಳು. ಹಕ್ಕಿಯಿಲ್ಲ, ಇರುವೆಯಿಲ್ಲ. ಆಕೆ ಒಂದು ಕೋಲನ್ನು ನೆಲಕ್ಕೆ ಚುಚ್ಚಿ ಎಳೆದರು. ಆ ತೂತಿನಿಂದ ಹೊಗೆ ಎಳೆಯಾಗಿ ಎದ್ದಿತು. ಬೆಂಕಿ ಆರಿ ಮೂರು ವಾರವಾಗಿತ್ತು.

"ನೆಲ ಇನ್ನೂ ಇಂಗಾಲ ಬಿಡ್ತಾನೇ ಇದೆ," ಅಂದರು ಮೇಡಮ್ಮು ಪುಕ್ಕಲನಿಗೆ, ಮೆಲ್ಲಗೆ. "ನಿಂತಿರೋ ಈ ಮರಗಳೂ ಕೊಳೀತಾ ವರ್ಷಗಟ್ಟಲೆ ಬಿಡ್ತವೆ. ಅದರಿಂದ ಬಿಸಿ ಹೆಚ್ಚುತ್ತೆ. ಬಿಸಿ ಹೆಚ್ಚಿದರೆ ಮತ್ತೆ ಬೆಂಕಿ. ಇದನ್ನ ನಾನು ಹೋದ ವರ್ಷವೇ ಬರೆದು ಕೊಟ್ಟಿದ್ದೆ. ಬೀರುವಿನಲ್ಲಿದೆ."

"ನೀವೂ ನನ್ನ ಹಾಗೇ ಅನ್ನಿ," ಅಂದ ಪುಕ್ಕಲ.

ಏಳನೇ ತಾಕಿನಲ್ಲಿ ಭಾವನ ಅರ್ಧಗೆರೆ ತೋರಿಸಿದ. ಆಕೆ ಅದರ ಪಕ್ಕದಲ್ಲಿ ಕೊನೆಯವರೆಗೆ ನಡೆದರು. ಮುಗಿದಲ್ಲಿ ನಿಂತರು. ತುಂಬ ಹೊತ್ತು ಬರೆದರು.

ಸಂಜೆ ಕಚೇರಿ ಬಾಗಿಲಲ್ಲಿ ಸಾಹೇಬರು ಕಾದಿದ್ದರು. ಈ ಸಲ ಕುರ್ಚಿಯಿರಲಿಲ್ಲ. "ಉಂಡ ಮನೆಗೆ ಎರಡು ಬಗೆದೆಯಲ್ಲೋ!"

"ಹೌದು ಸಾಹೇಬ್ರೇ. ನಾನು ಉಂಡದ್ದು ಅಕ್ಕನ ಮನೇಲಿ. ಅವಳಿಗೆ ಮೊದಲೇ ಬಗೆದಾಯ್ತು."

ಈ ಮಾತು ಹೇಗೆ ಬಂತೋ ಅವನಿಗೇ ಆಶ್ಚರ್ಯ.

ಹೀರೋ ಆದೆ ಅಂತ ಅಂದುಕೊಂಡಿದ್ದರೆ ಕೇರಿಯವರು ಅದನ್ನು ಎರಡೇ ದಿನದಲ್ಲಿ ಇಳಿಸಿದರು. ಅಳತೆಯ ಕೆಲಸ ನಿಂತಿತು. ಅವನೊಬ್ಬನದಲ್ಲ, ಅಳತೆಗೆ ಹೋಗುತ್ತಿದ್ದ ಎಂಟೂ ಜನರದ್ದು. "ಪುಕ್ಕಲ ಒಂದೇ ದಿನ ಧೈರ್ಯ ಮಾಡಿದ, ಎಂಟು ಮನೆ ಅನ್ನಕ್ಕೆ ಕಲ್ಲು ಬಿತ್ತು," ಅಂದಳು ಪಕ್ಕದ ಮನೆಯ ಅತ್ತೆ, ಅವನಿಗೆ ಕೇಳುವಂತೆಯೇ. ಅವಳ ಮಗ ಆ ಎಂಟರಲ್ಲಿ ಒಬ್ಬ.

ಮಳೆಗಾಲದಲ್ಲಿ ಮೇಡಮ್ಮು ಫೋನು ಮಾಡಿದರು. ಅವರಿಗೂ ವರ್ಗವಾಗಿತ್ತು. ಹೊರಗಿನವರ ವರದಿ ಬಂದಿತ್ತು. ಆ ಕಾಡು ಹನ್ನೊಂದು ವರ್ಷದಲ್ಲಿ ಹೀರಿಕೊಂಡದ್ದನ್ನು ಒಂದೇ ಬೆಂಕಿಯಲ್ಲಿ ಬಿಟ್ಟಿದೆ, ಈಗ ಹೀರುವುದಕ್ಕಿಂತ ಬಿಡುವುದೇ ಹೆಚ್ಚು, ಅಂತ ಬರೆದಿದ್ದರು. ಬೆಂಕಿಗೆ ಕಾರಣ ಏಳು ತಿಂಗಳ ಒಣಹವೆ, ಸಿಡಿಲು. ಅಕ್ಕನ ವಿಚಾರಣೆ ನಿಂತಿತು. ಮುಗಿಯಿತು ಅಂತ ಮಾತ್ರ ಯಾರೂ ಬರೆದುಕೊಡಲಿಲ್ಲ.

"ಭಾವನ ವಿಷಯ?" ಅಂತ ಕೇಳಿದ ಪುಕ್ಕಲ.

"ಒಂದು ಸಾಲು ಇದೆ," ಅಂದರು ಮೇಡಮ್ಮು. "ಹೆಸರಿಲ್ಲ. ಹಾಜರಿಯಲ್ಲಿ ಇರಲಿಲ್ಲವಲ್ಲ. 'ಸ್ಥಳೀಯನೊಬ್ಬ' ಅಂತ ಇದೆ."

ಅಕ್ಕನಿಗೆ ಅದನ್ನು ಹೇಳಿದ. ಹೇಳದಿರಲು ನೋಡಿದ, ಆಗಲಿಲ್ಲ. ಈಚೆಗೆ ಅವನಿಗೆ ಆ ಕಾಯಿಲೆ ಶುರುವಾಗಿತ್ತು. ಅಕ್ಕ ಸೌದೆ ಸೀಳುತ್ತಿದ್ದವಳು ಕೊಡಲಿ ಕೆಳಗಿಟ್ಟು, "ಹಾಜರಿ ಅಂದ್ರೆ ಪುಸ್ತಕವಾ?" ಅಂದಳು.

"ಹ್ಞೂಂ. ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ಬರೀತಾರೆ."

"ಯಾರು ಬರೀತಾರೆ?"

"ಸಾಹೇಬ್ರು."

ಅವಳು ಮತ್ತೆ ಕೊಡಲಿ ಎತ್ತಿಕೊಂಡಳು. ಆ ಮಳೆಗಾಲವೆಲ್ಲ ಮನೆಮನೆಗೆ ಹೋಗಿ ಕೂತು ಮಾತಾಡಿದಳು. ಹೆಂಗಸರ ಹತ್ತಿರ ಹೆಚ್ಚು. ಪುಕ್ಕಲನನ್ನು ಕರೆದುಕೊಂಡು ಹೋಗಲಿಲ್ಲ. ಅವನು ಕೇಳಲೂ ಇಲ್ಲ. ಅವಳು ಅವನಿಗೆ ಬಡಿಸುವುದನ್ನು ನಿಲ್ಲಿಸಿರಲಿಲ್ಲ, ಅಷ್ಟೇ ಸಾಕಾಗಿತ್ತು.

ಈ ಬೇಸಿಗೆ ಒಂದು ತಿಂಗಳು ಮೊದಲೇ ಬಂತು. ಒಂದು ಬೆಳಿಗ್ಗೆ ಹಳ್ಳದಾಚೆ ಉಳಿದಿದ್ದ ಹಸಿರಿನ ಕಡೆಯಿಂದ ಹೊಗೆ ಎದ್ದಿತು. ಗಂಟೆಯೊಳಗೆ ಸಾಹೇಬರ ಜೀಪು ಕೇರಿಗೆ ನುಗ್ಗಿತು.

"ಏಳ್ರೋ! ಬೇಗ! ಕಾಡು ಹೋಗ್ತಿದೆ!"

ಗಂಡಸರು ಎದ್ದೇ ಬಿಟ್ಟರು. ಪುಕ್ಕಲನ ಕೈ ತಾನಾಗಿ ಸೊಪ್ಪಿನ ಗೊಂಚಲು ಹಿಡಿದಿತ್ತು. ಕೆಲಸ ಕಿತ್ತುಕೊಂಡವನ ಮುಂದೆ ಓಡಿಹೋಗಿ ನಿಲ್ಲುವ ಈ ಕಾಲಿಗೆ ಏನು ಹೇಳೋಣ ಅಂದುಕೊಂಡ. ಅಷ್ಟರಲ್ಲಿ ಅಕ್ಕ ಹೋಗಿ ಜೀಪಿನ ಮುಂದೆ ಕೂತಳು. ನೆಲದ ಮೇಲೆ. ಪಕ್ಕದ ಮನೆಯ ಅತ್ತೆ ಹೋಗಿ ಅವಳ ಪಕ್ಕದಲ್ಲಿ ಕೂತಳು. ಆಮೇಲೆ ಉಳಿದ ಹೆಂಗಸರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.

"ಪುಸ್ತಕ ತೆಗೀರಿ ಸಾಹೇಬ್ರೇ," ಅಂದಳು ಅಕ್ಕ. "ಹೋಗೋರ ಹೆಸರು ಬರೀರಿ. ಎಷ್ಟು ಹೊತ್ತಿಗೆ ಹೋದರು, ಏನು ಕೆಲಸಕ್ಕೆ ಹೋದರು, ಯಾರ ಅಪ್ಪಣೆ ಮೇಲೆ ಹೋದರು. ಕಾರ್ಬನ್ ಹಾಕಿ ಬರೀರಿ. ಒಂದು ಪ್ರತಿ ನಮಗೆ."

"ಕಾಡು ಉರೀತಿದೆ ಕಣಮ್ಮಾ! ಬರೆಯೋ ಹೊತ್ತಾ ಇದು?"

"ಹೋದ ಸಲವೂ ಉರೀತಿತ್ತು."

"ಇದು ನಿಮ್ಮ ಕಾಡು ಅಲ್ವಾ?"

"ಹಾಗಂತ ನೋಟೀಸಿನಲ್ಲಿ ಇರಲಿಲ್ಲ."

ಸಾಹೇಬರು ಪುಕ್ಕಲನ ಕಡೆ ನೋಡಿದರು. ಹದಿನೈದು ವರ್ಷ ಆ ನೋಟ ಬಿದ್ದಾಗಲೆಲ್ಲ ಅವನ ಬೆನ್ನು ತಾನಾಗಿ ಬಗ್ಗಿತ್ತು. ಈ ಸಲವೂ ಬಗ್ಗಿತು. ಬಗ್ಗಿದ್ದೇ ನೆಪವಾಗಿ ಅವನು ಅಲ್ಲೇ ಕೂತುಬಿಟ್ಟ. ಅವನು ಕೂತದ್ದನ್ನು ನೋಡಿ ಗಂಡಸರೆಲ್ಲ ಕೂತರು.

ಗುಡ್ಡದ ಮೇಲೆ ಮರವೊಂದು ಸಿಡಿದ ಸದ್ದು ಬಂತು. ಆ ಮರಗಳ ಒಂದೊಂದರ ಸುತ್ತಳತೆಯೂ ಪುಕ್ಕಲನಿಗೆ ಗೊತ್ತಿತ್ತು. ಎಲ್ಲರ ಕಣ್ಣೂ ಗುಡ್ಡದ ಕಡೆಗೇ ಇತ್ತು. ಯಾರೂ ಏಳಲಿಲ್ಲ.

ಸಾಹೇಬರು ಪುಸ್ತಕ ತೆಗೆದರು. ಕಾರ್ಬನ್ ಹಾಳೆ ಸೇರಿಸಿದರು. ಜೀಪಿನ ಮೂತಿಯ ಮೇಲಿಟ್ಟು ಬರೆದರು. ಒಬ್ಬೊಬ್ಬರೂ ಎದ್ದು ಹೋಗಿ ಹೆಸರು ಹೇಳಿದರು. ಅಕ್ಕನೂ ಹೇಳಿದಳು. "ಹೆಂಗಸರು ಬೆಂಕಿಗೆ..." ಅಂತ ಸಾಹೇಬರು ತಡೆದಾಗ, "ಬೆಂಕಿ ಹಚ್ಚೋಕೆ ಆಗುತ್ತೆ ಅಂತ ಬರೆದಿದ್ರಿ, ಆರಿಸೋಕೆ ಆಗಲ್ವಾ?" ಅಂದಳು. ಹದಿನೇಳು ಗಂಡಸರು, ಆರು ಹೆಂಗಸರು. ಅಪ್ಪಣೆ ಯಾರದು ಅನ್ನುವ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಮೇಲಿನವರನ್ನು ಕೇಳಬೇಕು ಅಂದರು. ಕೇಳಿ, ಕೂತಿರ್ತೀವಿ, ಅಂದಳು ಅಕ್ಕ. ಫೋನು ಸಿಗಲಿಲ್ಲ. ಕೊನೆಗೆ ಸಾಹೇಬರು ತಮ್ಮ ಹೆಸರನ್ನೇ ಬರೆದು ಸಹಿ ಹಾಕಿದರು.

ಪುಕ್ಕಲ ಎರಡನೇ ಪ್ರತಿಯನ್ನು ಹರಿದು ತೆಗೆದುಕೊಂಡ. ಬೆರಳೆಲ್ಲ ಮಸಿಯಾಯಿತು. ಇಷ್ಟು ವರ್ಷದಲ್ಲಿ ಕೇರಿಯ ಪಾಲಿಗೆ ಬಂದ ಮೊದಲ ಕಾರ್ಬನ್ ಇದೇ ಅಂತ ಅವನಿಗೆ ನಗು ಬಂತು. ಜೋರಾಗಿ ಓದಿ ಹೇಳಿದ. ಅಕ್ಕ ಕಾಗದ ಮಡಚಿ ಪಕ್ಕದ ಮನೆಯ ಅತ್ತೆಯ ಕೈಗೆ ಕೊಟ್ಟು, ಗೊಂಚಲು ಎತ್ತಿಕೊಂಡು ಗುಡ್ಡದ ಕಡೆ ಹೊರಟಳು. ಉಳಿದವರು ಹಿಂದೆ.

ಸಾಹೇಬರು ಜೀಪಿನ ಬಾಗಿಲು ತೆರೆಯುತ್ತಿದ್ದರು.

"ಅತ್ತ ಎಲ್ಲಿಗೆ ಸಾಹೇಬ್ರೇ?" ಅಂದಳು ಅಕ್ಕ, ನಿಲ್ಲದೆಯೇ. "ಬನ್ನಿ. ನಿಮ್ಮ ಹೆಸರೂ ಪಟ್ಟೀಲಿದೆ."